ಫಿಲ್ಮಿನ ಡಬ್ಬ ಹುಡುಕುವ ಮೊದಲು ವೈ.ವಿ. ರಾವ್ ಅವರನ್ನು ಹುಡುಕಿ: ಚಲನಚಿತ್ರ ಅಕಾಡೆಮಿಗೆ ಒಬ್ಬ ಆಪರೇಟರ್ ಬರೆದ ಪತ್ರ

ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು

ಮಾನ್ಯರೇ,

ನಾನು ಸಿನಿಮಾ ಮಾಡಿದವನಲ್ಲ, ಸಿನಿಮಾ ಬಗ್ಗೆ ಬರೆದವನೂ ಅಲ್ಲ. ಮೂವತ್ತೊಂದು ವರ್ಷ ಸಿನಿಮಾ ತೋರಿಸಿದವನು. ತುಮಕೂರು ಜಿಲ್ಲೆಯ ಒಂದು ಟಾಕೀಸಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸಿಕೊಂಡು, ರೀಲು ಸುತ್ತಿಕೊಂಡು, ಹರಿದ ಕಡೆ ಫಿಲ್ಮು ಅಂಟಿಸುವ ಸಿಮೆಂಟು ಹಚ್ಚಿ ಜಾಯಿಂಟ್ ಹಾಕಿಕೊಂಡು ಇದ್ದ ಆಪರೇಟರ್. ಟಾಕೀಸು ಈಗ ಮದುವೆ ಛತ್ರ. ನನ್ನ ಪರಿಚಯ ಇಷ್ಟು ಸಾಕು.

ಪ್ರತಿ ಮಾರ್ಚ್ 3ಕ್ಕೆ ನಾವು ಕನ್ನಡ ಸಿನಿಮಾದ ಹುಟ್ಟುಹಬ್ಬ ಮಾಡುತ್ತೇವೆ. 1934ರ ಆ ದಿನ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಥಿಯೇಟರಿನಲ್ಲಿ 'ಸತಿ ಸುಲೋಚನಾ' ತೆರೆಗೆ ಬಂತು, ಕನ್ನಡದ ಮೊದಲ ಟಾಕಿ, ಅಂದರೆ ಮಾತಿನ ಚಿತ್ರ. ಹಾರ ಹಾಕುವುದಕ್ಕೆ ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಫೋಟೋ ಇರುತ್ತದೆ, ರಾವಣನಾದ ಆರ್. ನಾಗೇಂದ್ರರಾಯರದ್ದು ಇರುತ್ತದೆ, ಒಮ್ಮೊಮ್ಮೆ ಸುಲೋಚನೆಯಾದ ತ್ರಿಪುರಾಂಬ ಅವರದ್ದೂ ಇರುತ್ತದೆ. ಭಾಷಣದಲ್ಲಿ ನಿರ್ಮಾಪಕ ಚಮನ್‌ಲಾಲ್ ಡುಂಗಾಜಿ ಬರುತ್ತಾರೆ, ಸಂಭಾಷಣೆ ಹಾಡು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ಬರುತ್ತಾರೆ. ನಿರ್ದೇಶಕರ ಹೆಸರು ಬರುವುದು ಒಂದೇ ವಾಕ್ಯದಲ್ಲಿ, ಅದೂ ಭಾಷಣಕಾರರು ಚೀಟಿ ನೋಡಿಕೊಂಡು ಓದುವ ವಾಕ್ಯದಲ್ಲಿ.

ಒಂದು ಸಲ ಇಂಥ ಸಭೆಯಲ್ಲಿ ಪಕ್ಕದ ಕುರ್ಚಿಯವರನ್ನು ಕೇಳಿದೆ, "ಸತಿ ಸುಲೋಚನಾ ಡೈರೆಕ್ಟರ್ ಯಾರು ಸ್ವಾಮಿ?" ಅವರು ಸಿನಿಮಾ ಬಲ್ಲವರೇ. ಸ್ವಲ್ಪ ಯೋಚಿಸಿ, "ನಾಗೇಂದ್ರರಾಯರೇ ಅಲ್ವೇ?" ಅಂದರು. ಅಲ್ಲ, ವೈ.ವಿ. ರಾವ್ ಅಂದೆ. "ಯಾವ ರಾವ್?" ಅಂದರು. ನಟಿ ಲಕ್ಷ್ಮಿಯವರ ತಂದೆ ಅಂದೆ. "ಓಹೋ, ಹೌದಾ!" ಅಂತ ಕುರ್ಚಿಯಲ್ಲೇ ತಿರುಗಿ ಕೂತರು. ಕನ್ನಡದ ಮೊದಲ ಟಾಕಿಯನ್ನು ನಿರ್ದೇಶಿಸಿದವರ ಗುರುತು ಸಿಗಬೇಕಾದರೆ ಮಗಳ ಹೆಸರು ಹೇಳಬೇಕಾಯಿತು. ಲಕ್ಷ್ಮಿಯವರ ಬಗ್ಗೆ ನನಗೆ ಗೌರವ ಕಡಿಮೆಯೇನಿಲ್ಲ, ಅವರ ಎಷ್ಟೋ ಚಿತ್ರಗಳನ್ನು ನಾನೇ ಓಡಿಸಿದ್ದೇನೆ. ಆದರೂ ಮನಸ್ಸಿಗೆ ಪಿಚ್ಚೆನಿಸಿತು.

ಈಗ ಯಾಕೆ ಈ ಪತ್ರ ಅಂದರೆ, ರಾಜ್ಯದ 2025-26ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರ ಮಾಡುವುದಕ್ಕೆ 3 ಕೋಟಿ ರೂಪಾಯಿ ಇಟ್ಟಿದ್ದಾರೆ. ಡಿಜಿಟಲ್ ರೂಪದಲ್ಲೂ ಇರಬೇಕು, ಡಿಜಿಟಲ್ ಅಲ್ಲದ ರೂಪದಲ್ಲೂ ಇರಬೇಕು ಅನ್ನುವ ಮಾತು ಅದರಲ್ಲಿದೆ. ಒಳ್ಳೆಯ ಕೆಲಸ. ನನ್ನ ಕೋರಿಕೆ ಆ ಎರಡನೆಯ ಮಾತಿಗೆ ಸೇರಿದ್ದು. ಫಿಲ್ಮೇ ಇಲ್ಲದ ಸಿನಿಮಾಗಳಿಗೆ ಆ ಭಂಡಾರದಲ್ಲಿ ಒಂದು ಮೂಲೆ ಕೊಡಿ, ಆ ಮೂಲೆಯ ಮೊದಲ ಕಪಾಟಿಗೆ ವೈ.ವಿ. ರಾವ್ ಹೆಸರಿಡಿ.

ಯರಗುಡಿಪಾಟಿ ವರದ ರಾವ್ 1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ತೆಲುಗರು. ರಂಗಭೂಮಿಯಿಂದ ಬಂದವರು. ಮದರಾಸಿನಲ್ಲಿ ಎ. ನಾರಾಯಣನ್ 1929ರಲ್ಲಿ ಜನರಲ್ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿದರಲ್ಲ, ಆ ಕಾಲದ ಮೂಕಿ ಚಿತ್ರಗಳಲ್ಲಿ ಬಣ್ಣ ಹಚ್ಚಿದರು. 'ಗರುಡ ಗರ್ವಭಂಗಂ', 'ಗಜೇಂದ್ರ ಮೋಕ್ಷಂ', 'ರೋಸ್ ಆಫ್ ರಾಜಸ್ಥಾನ್' ಹೀಗೆ. ಬಣ್ಣ ಹಚ್ಚಿಕೊಂಡೇ ಕ್ಯಾಮೆರಾದ ಹಿಂದೆ ಹೋದರು. 1930ರಲ್ಲಿ 'ಪಾಂಡವ ನಿರ್ವಾಣ', 'ಪಾಂಡವ ಅಜ್ಞಾತವಾಸ'. 1932ರಲ್ಲಿ ನಮ್ಮ ಪಕ್ಕದೂರಿನ ಗುಬ್ಬಿ ವೀರಣ್ಣನವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ನಿಗೆ 'ಹರಿ ಮಾಯಾ'. ಅಂದರೆ ಟಾಕಿಗೂ ಮೊದಲೇ ಅವರು ನಮ್ಮ ಮನೆಯಲ್ಲಿ ಊಟ ಮಾಡಿ ಹೋದವರು. ಇದನ್ನು ಒತ್ತಿ ಹೇಳಬೇಕು. ವೈ.ವಿ. ರಾವ್ ಅವರನ್ನು ಡುಂಗಾಜಿಯವರು ಎಲ್ಲಿಂದಲೋ ಹಿಡಿದು ತಂದರು ಅನ್ನುವ ಹಾಗೆ ಮಾತಾಡುತ್ತೇವೆ. ಅವರು ಕನ್ನಡದ ರಂಗಭೂಮಿಯವರ ಜೊತೆ ಆಗಲೇ ಕೆಲಸ ಮಾಡಿದ್ದವರು.

ಮೂಕಿಗೆ ಭಾಷೆ ಇರಲಿಲ್ಲ. ದೃಶ್ಯದ ನಡುನಡುವೆ ಬರಹದ ಪಟ್ಟಿ ಬರುತ್ತಿತ್ತು, ಅದರಲ್ಲಿ ಇಂಗ್ಲಿಷಿನ ಜೊತೆ ಎರಡು ಮೂರು ದೇಶಭಾಷೆ. ಓದು ಬಾರದವರಿಗೆ ಒಬ್ಬರು ನಿಂತು ಜೋರಾಗಿ ಓದಿ ಹೇಳುತ್ತಿದ್ದರು. ನಮ್ಮ ತಂದೆಯೂ ಟೆಂಟಿನ ಆಪರೇಟರೇ. ಅವರಿಗೆ ಕೆಲಸ ಕಲಿಸಿದ ಮುದುಕರು ಹಾಗೆ ಓದಿ ಹೇಳಿದವರಂತೆ. ಒಂದೇ ಪ್ರಿಂಟು ಬಳ್ಳಾರಿಯಲ್ಲೂ ಓಡಿತು, ಮಧುರೆಯಲ್ಲೂ ಓಡಿತು. ಇಂಥ ಕಡೆ ಕೆಲಸ ಕಲಿತವರಿಗೆ "ನಾನು ತೆಲುಗಿನ ಡೈರೆಕ್ಟರ್, ನಾನು ಕನ್ನಡದ ಡೈರೆಕ್ಟರ್" ಅನ್ನುವ ಬೇಲಿ ತಲೆಯಲ್ಲಿ ಇರುವುದಿಲ್ಲ. ಟಾಕಿ ಬಂದು ಮಾತು ಸೇರಿಕೊಂಡ ಮೇಲೆ ಎಷ್ಟೋ ಮೂಕಿಯವರು ಮಾತಿಗೆ ಹೆದರಿ ಮೂಲೆ ಸೇರಿದರು. ರಾವ್ ಮಾತ್ರ ಹಾಗೆ ಹೆದರಿದವರಲ್ಲ. ಒಂದು ಭಾಷೆಯ ಟಾಕಿ ಮುಗಿಸಿ ಇನ್ನೊಂದು ಭಾಷೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋದರು.

'ಸತಿ ಸುಲೋಚನಾ' ಆದ ಬಗೆ ನೋಡಿ. ದುಡ್ಡು ಬೆಂಗಳೂರಿನ ಮಾರ್ವಾಡಿ ವ್ಯಾಪಾರಿಯದ್ದು, ಸುಮಾರು 40,000 ರೂಪಾಯಿ ಖರ್ಚು. ಸೌಥ್ ಇಂಡಿಯಾ ಮೂವಿಟೋನ್ ಅಂತ ಕಂಪನಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಮೈಸೂರು ಸೀಮೆಯ ಕಂಪನಿ ನಾಟಕದಲ್ಲಿ ಪಳಗಿದವರು. ಶಬ್ದ ಹಿಡಿಯುವ ಸ್ಟುಡಿಯೋ ಬೆಂಗಳೂರಿನಲ್ಲಿ ಇರಲಿಲ್ಲ, ಎಲ್ಲರೂ ರೈಲು ಹತ್ತಿ ಕೊಲ್ಲಾಪುರದ ಛತ್ರಪತಿ ಸಿನೆಟೋನಿಗೆ ಹೋದರು. ಸುತ್ತ ಮರಾಠಿ, ನಿರ್ದೇಶಕರ ಮನೆಮಾತು ತೆಲುಗು, ಆಡಬೇಕಾದ ಮಾತು ನರಹರಿಶಾಸ್ತ್ರಿಗಳ ಕನ್ನಡ, ಸಂಗೀತ ಎಚ್.ಆರ್. ಪದ್ಮನಾಭ ಶಾಸ್ತ್ರಿಗಳದ್ದು. ಎರಡು ತಿಂಗಳಲ್ಲಿ ಮುಗಿಸಿಬಿಟ್ಟರು. ನಾಟಕದವರನ್ನು ಮೈಕಿನ ಮುಂದೆ ನಿಲ್ಲಿಸುವುದು ಹುಡುಗಾಟವಲ್ಲ. ಹಿಂದಿನ ಬೆಂಚಿನವನಿಗೆ ಕೇಳಲಿ ಅಂತ ಕೂಗಿ ಅಭ್ಯಾಸ ಇರುವ ಗಂಟಲುಗಳು ಅವು. ಮೊದಲ ಟಾಕಿಗಳ ಶಬ್ದ ಹೇಗಿತ್ತು ಅಂತ ಆಮೇಲಿನ ಕೆಲವು ಹಳೆಯ ಪ್ರಿಂಟು ಓಡಿಸಿದಾಗ ನನಗೆ ಅಂದಾಜು ಸಿಕ್ಕಿದೆ. ವಾಲ್ಯೂಮ್ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಕೂರಬೇಕಿತ್ತು.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಈ ಚಿತ್ರದಲ್ಲಿ ವೈ.ವಿ. ರಾವ್ ಅವರೇ ಲಕ್ಷ್ಮಣನ ಪಾತ್ರ ಮಾಡಿದ್ದರು. ಇಂದ್ರಜಿತುವನ್ನು ಕೊಲ್ಲುವವನು ಲಕ್ಷ್ಮಣನೇ ತಾನೆ? ಕನ್ನಡದ ಮೊದಲ ನಾಯಕನಟನನ್ನು ತೆರೆಯ ಮೇಲೆ ಹೊಡೆದವರು ಆ ಚಿತ್ರದ ನಿರ್ದೇಶಕರೇ! "ಕಟ್" ಅಂದವರು ಯಾರೋ, ಬಿಲ್ಲು ಕೆಳಗಿಟ್ಟು ಬಂದು ಅವರೇ ಅಂದಿರಬೇಕು. ಇದನ್ನು ನೋಡುವ ಭಾಗ್ಯ ನಮಗಿಲ್ಲ. ಒಂದೇ ಒಂದು ಅಡಿ ಫಿಲ್ಮೂ ಉಳಿದಿಲ್ಲ.

ಒಂದು ಅಡಿ ಅಂತ ಸುಮ್ಮನೆ ಹೇಳುತ್ತಿಲ್ಲ. ಆಪರೇಟರ್ ಲೆಕ್ಕ ಕೇಳಿ. ಟಾಕಿ ಓಡುವುದು ಸೆಕೆಂಡಿಗೆ 24 ಚೌಕ (ಫ್ರೇಮ್), ನಿಮಿಷಕ್ಕೆ 90 ಅಡಿ. ಚಿತ್ರದ ಉದ್ದ 173 ನಿಮಿಷ ಅನ್ನುತ್ತಾರೆ. ಅಂದರೆ ಹದಿನೈದೂವರೆ ಸಾವಿರ ಅಡಿ. ಸಾವಿರ ಅಡಿಯ ರೀಲಿನಲ್ಲಿ ಹದಿನಾರು ಡಬ್ಬ. ಒಂದು ಎತ್ತಿನ ಗಾಡಿಯ ಅರ್ಧವೂ ತುಂಬದ ಸಾಮಾನು. ಅಷ್ಟನ್ನು ಇಟ್ಟುಕೊಳ್ಳುವುದಕ್ಕೆ ನಮ್ಮ ಕೈಲಿ ಆಗಲಿಲ್ಲ.

ಇಟ್ಟುಕೊಳ್ಳುವುದು ಸುಲಭ ಅಂತಲೂ ನಾನು ಹೇಳುವುದಿಲ್ಲ. ಆಗಿನ ಫಿಲ್ಮು ನೈಟ್ರೇಟಿನದ್ದು. ಹತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ, ಹತ್ತಿಕೊಳ್ಳದಿದ್ದರೆ ಡಬ್ಬದೊಳಗೇ ಅಂಟಂಟಾಗಿ, ಆಮೇಲೆ ಕಂದು ಪುಡಿಯಾಗಿ ಹೋಗುತ್ತದೆ. ಅದರ ಮೇಲೆ ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಓಟ ಮುಗಿದ ಪ್ರಿಂಟನ್ನು ಬೆಳ್ಳಿಗಾಗಿ ತೊಳೆದು ಮಾರುವವರು ಇದ್ದರು. ಇಡೀ ದೇಶದಲ್ಲಿ 1,300ಕ್ಕೂ ಹೆಚ್ಚು ಮೂಕಿ ಚಿತ್ರ ತಯಾರಾದವು, ಇವತ್ತು ಸಿಗುವುದು ಮೂವತ್ತರ ಆಸುಪಾಸು, ಅದರಲ್ಲೂ ಬಹಳಷ್ಟು ಬರೀ ತುಣುಕು. ಪುಣೆಯಲ್ಲಿ ಸರ್ಕಾರದ್ದೇ ಫಿಲ್ಮ್ ಆರ್ಕೈವ್ ಶುರುವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಮೂಕಿ ಯುಗ ಮುಗಿದು ಮೂವತ್ತು ವರ್ಷ. ಅಲ್ಲಿಯೂ 2003ರ ಜನವರಿಯಲ್ಲಿ ನೈಟ್ರೇಟ್ ರೀಲಿನ ಉಗ್ರಾಣಕ್ಕೆ ಬೆಂಕಿ ಬಿತ್ತು.

ಸಿನಿಮಾ ಹಾಳಾಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮ ಟಾಕೀಸು ಮುಚ್ಚಿದ ವರ್ಷ ಕ್ಯಾಬಿನ್ನಿನ ಹಿಂದಿನ ಕೋಣೆಯಲ್ಲಿ ನಲವತ್ತು ಚಿಲ್ಲರೆ ಡಬ್ಬ ಇದ್ದವು, ಹಂಚಿಕೆದಾರರು ವಾಪಸ್ ಕೇಳದೇ ಬಿಟ್ಟವು. ಗುಜರಿಯವನು ತಕ್ಕಡಿ ತಂದ. ಡಬ್ಬಕ್ಕೊಂದು ರೇಟು, ಫಿಲ್ಮಿಗೊಂದು ರೇಟು. ಹಾಗಾಗಿ ರೀಲನ್ನು ಡಬ್ಬದಿಂದ ಬೇರೆ ಮಾಡಬೇಕು. ಒಂದು ಡಬ್ಬ ತೆಗೆದರೆ ಹುಳಿ ಮಜ್ಜಿಗೆಗಿಂತ ಕಟುವಾದ ವಾಸನೆ, ಕಣ್ಣಲ್ಲಿ ನೀರು ಬರುವಷ್ಟು. ಫಿಲ್ಮು ಅಂಚಿನಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಡಬ್ಬದ ಮೇಲಿನ ಕಾಗದ ಗೆದ್ದಲು ತಿಂದು ಹೆಸರು ಓದಲಾಗಲಿಲ್ಲ. ದೀಪಕ್ಕೆ ಹಿಡಿದು ನೋಡಿದೆ. ಯಾವುದೋ ಮನೆಯ ಜಗಲಿ, ಒಬ್ಬಳು ಹೆಂಗಸು ಬಿಂದಿಗೆ ಇಳಿಸುತ್ತಿದ್ದಾಳೆ. ಮುಖ ಯಾರದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ. "ಬೇಗ ಹಾಕಿ ಅಣ್ಣ" ಅಂದ ಗುಜರಿಯವನು. ಹಾಕಿದೆ. ನನ್ನ ಕೈಯಿಂದಲೇ ಹಾಕಿದೆ, ಇನ್ನೊಬ್ಬರನ್ನು ದೂರುವ ಹಾಗಿಲ್ಲ.

ಆದರೆ ಕಳೆದುಹೋದದ್ದೂ ಸಿಗುತ್ತದೆ ಅನ್ನುವುದಕ್ಕೆ ಪಕ್ಕದ ರಾಜ್ಯದ ಕಥೆ ಇದೆ. 1933ರ 'ಮಾರ್ತಾಂಡ ವರ್ಮ', ತಿರುವಾಂಕೂರಿನ ಮೂಕಿ. ಅದರ ನಿರ್ದೇಶಕರು ಪಿ.ವಿ. ರಾವ್. ನಮ್ಮ ವೈ.ವಿ. ಅಲ್ಲ, ಎಷ್ಟೋ ಜನ ಇಬ್ಬರನ್ನೂ ಕಲಸಿಬಿಡುತ್ತಾರೆ. ಕಾದಂಬರಿಯ ಹಕ್ಕಿನ ಮೇಲೆ ಪುಸ್ತಕದಂಗಡಿಯವರು ಕೋರ್ಟಿಗೆ ಹೋದರು, ಪ್ರಿಂಟು ಜಪ್ತಿಯಾಯಿತು. 1974ರಲ್ಲಿ ಆ ಪುಸ್ತಕದಂಗಡಿಯಿಂದಲೇ ಪುಣೆಯ ಆರ್ಕೈವಿನವರು ಅದನ್ನು ಪಡೆದುಕೊಂಡರು. ಚಿತ್ರ ತೋರಿಸದಂತೆ ತಡೆದ ಮೊಕದ್ದಮೆಯೇ ಚಿತ್ರವನ್ನು ಉಳಿಸಿತು. ನಮ್ಮ ಸುಲೋಚನೆಯ ಮೇಲೆ ಯಾರೂ ಕೇಸು ಹಾಕಲಿಲ್ಲವಲ್ಲ ಅಂತ ಒಮ್ಮೊಮ್ಮೆ ಬೇಜಾರಾಗುತ್ತದೆ!

ಮುಂದಿನ ರಾವ್ ಕಥೆಯನ್ನು ಕನ್ನಡದ ಪುಸ್ತಕಗಳು ಬೇಗ ಮುಗಿಸಿಬಿಡುತ್ತವೆ, "ಆಮೇಲೆ ತಮಿಳು ತೆಲುಗಿಗೆ ಹೋದರು" ಅಂತ. ಹೋಗಿ ಏನು ಮಾಡಿದರು? 1937ರಲ್ಲಿ ತಮಿಳಿನ 'ಚಿಂತಾಮಣಿ'. ಎಂ.ಕೆ. ತ್ಯಾಗರಾಜ ಭಾಗವತರು ಬಿಲ್ವಮಂಗಳ. ಚಿಂತಾಮಣಿಯಾದವರು ನಮ್ಮವರೇ ಆದ ಅಶ್ವತ್ಥಮ್ಮ. ಚಿತ್ರ ವರ್ಷಕ್ಕೂ ಮಿಕ್ಕಿ ಓಡಿತು. ಬಂದ ಲಾಭದಲ್ಲಿ ನಿರ್ಮಾಪಕರಾದ ರಾಯಲ್ ಟಾಕೀಸಿನವರು ಮಧುರೆಯಲ್ಲಿ ಒಂದು ಥಿಯೇಟರನ್ನೇ ಕಟ್ಟಿಸಿ ಅದಕ್ಕೆ ಚಿಂತಾಮಣಿ ಅಂತಲೇ ಹೆಸರಿಟ್ಟರು. 1939ರಲ್ಲಿ ತೆಲುಗಿನಲ್ಲಿ 'ಮಳ್ಳಿ ಪೆಳ್ಳಿ'. ವಿಧವಾ ವಿವಾಹದ ಕಥೆ. ನಿರ್ಮಾಣ, ನಿರ್ದೇಶನ ಅವರದ್ದೇ, ಕಾಂಚನಮಾಲಾ ಎದುರು ನಾಯಕರೂ ಅವರೇ. ಪುರಾಣದ ಮೇಲೆ ಪುರಾಣ ಬರುತ್ತಿದ್ದ ಕಾಲದಲ್ಲಿ ಪುರಾಣದಲ್ಲೇ ಕೈ ಪಳಗಿಸಿಕೊಂಡವರು ಈ ಕಡೆ ತಿರುಗಿದ್ದು ಸಣ್ಣ ಧೈರ್ಯವಲ್ಲ. ಮರುವರ್ಷ 'ವಿಶ್ವಮೋಹಿನಿ', ಸಿನಿಮಾದವರ ಬದುಕಿನ ಮೇಲೇ ಸಿನಿಮಾ. 1941ರಲ್ಲಿ ತಮಿಳಿನ 'ಸಾವಿತ್ರಿ'. ಮರಾಠಿಯ ಶಾಂತಾ ಆಪ್ಟೆ ತಮಿಳು ಕಲಿತು ಸಾವಿತ್ರಿಯಾದರು, ರಾವ್ ಸತ್ಯವಾನ, ನಾರದನಾಗಿ ಎಂ.ಎಸ್. ಸುಬ್ಬುಲಕ್ಷ್ಮಿ. ಎಂ.ಎಸ್. ಗಂಡು ವೇಷಕ್ಕೆ ಒಪ್ಪಿದ್ದು 'ಕಲ್ಕಿ' ಪತ್ರಿಕೆ ಶುರು ಮಾಡಲು ದುಡ್ಡು ಬೇಕಿತ್ತು ಅಂತ. ಒಂದು ಚಿತ್ರದ ಸಂಬಳದಲ್ಲಿ ಒಂದು ವಾರಪತ್ರಿಕೆ ಹುಟ್ಟಿತು! 1946ರಲ್ಲಿ 'ಲವಂಗಿ', ಜಗನ್ನಾಥ ಪಂಡಿತನ ಕಥೆ. ಅದರ ನಾಯಕಿ ಕುಮಾರಿ ರುಕ್ಮಿಣಿಯವರನ್ನೇ ಮದುವೆಯಾದರು. 1952ರಲ್ಲಿ ಲಕ್ಷ್ಮಿ ಹುಟ್ಟಿದರು.

ಕನ್ನಡಕ್ಕೂ ಅವರು ತಿರುಗಿ ಬಂದರು. 1961ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ನಾಗಾರ್ಜುನ' ಮಾಡಿದರು. ಮೂಕಿಯಲ್ಲಿ ಬಣ್ಣ ಹಚ್ಚಿದ ಮನುಷ್ಯ, ಕನ್ನಡದ ಮೊದಲ ಟಾಕಿಗೆ ಮಾತು ಕೊಟ್ಟ ಮನುಷ್ಯ, ಇಪ್ಪತ್ತೇಳು ವರ್ಷ ಆದ ಮೇಲೆ ರಾಜಣ್ಣನ ಮುಂದೆ ನಿಂತು "ಆಕ್ಷನ್" ಅಂದರು. ಈ ಎರಡು ತುದಿಯನ್ನು ಸೇರಿಸಿ ನೋಡಿದ ಒಂದು ಲೇಖನ ನನ್ನ ಕಣ್ಣಿಗೆ ಬಿದ್ದಿಲ್ಲ. 1973ರ ಫೆಬ್ರವರಿಯಲ್ಲಿ ತೀರಿಕೊಂಡರು.

ಹಾಗಾದರೆ ಇಂಥವರು ಮರೆತುಹೋದದ್ದು ಹೇಗೆ? ನನಗೆ ಅನ್ನಿಸುವುದು ಇದು. ತೆಲುಗಿನವರು ಅವರನ್ನು ತಮಿಳಿನಲ್ಲಿ ಗೆದ್ದವರು ಅಂದುಕೊಂಡರು, ತಮಿಳರು ತೆಲುಗಿನವರು ಅಂದರು, ನಾವು ಇಬ್ಬರಿಗೂ ಬಿಟ್ಟೆವು. ಮೂರು ಮನೆ ನೆಂಟ ಉಪವಾಸ ಮಲಗಿದ ಹಾಗೆ. ಒಂದೊಂದು ಭಾಷೆಯ ಭಂಡಾರವೂ ತನ್ನ ಭಾಷೆಯ ಡಬ್ಬ ಮಾತ್ರ ಎತ್ತಿಟ್ಟುಕೊಂಡರೆ ಮೂಕಿ ಕಾಲದಿಂದ ಬಂದವರ ಬದುಕು ಯಾವ ಭಂಡಾರದಲ್ಲೂ ಪೂರ್ತಿ ಸಿಗುವುದಿಲ್ಲ. 'ಹರಿ ಮಾಯಾ' ಕನ್ನಡದ್ದೋ? ಅದರಲ್ಲಿ ಕನ್ನಡ ಮಾತೇ ಇಲ್ಲ. ಹಾಗಂತ ಅದನ್ನು ಹೊರಗಿಟ್ಟರೆ ಗುಬ್ಬಿ ವೀರಣ್ಣನವರನ್ನೇ ಹೊರಗಿಟ್ಟ ಹಾಗೆ. 3 ಕೋಟಿಯ ಭಂಡಾರಕ್ಕೆ ನಿಯಮ ಬರೆಯುವವರು ಈ ಒಂದು ಪ್ರಶ್ನೆಗೆ ಮೊದಲು ಉತ್ತರ ಬರೆಯಲಿ.

ಹುಡುಕುವುದೇನು ಅಂತ ಕೇಳಬಹುದು. ಫಿಲ್ಮು ಬಿಟ್ಟು ಉಳಿದದ್ದೆಲ್ಲ. ಆಗ ಥಿಯೇಟರಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು, ಕಥಾಸಾರ, ಪಾತ್ರವರ್ಗ, ಹಾಡು ಎಲ್ಲ ಅಚ್ಚಾದ ತೆಳು ಪುಸ್ತಕ. ಎಷ್ಟೋ ಅಜ್ಜಿಯರ ಟ್ರಂಕಿನಲ್ಲಿ ರವಿಕೆ ಕಣದ ಅಡಿಯಲ್ಲಿ ಇಂಥವು ಕೂತಿರುತ್ತವೆ. ಜಟಕಾ ಗಾಡಿಯಲ್ಲಿ ತಮಟೆ ಬಾರಿಸಿಕೊಂಡು ಹಂಚಿದ ನೋಟೀಸು, ಗ್ರಾಮಫೋನ್ ತಟ್ಟೆ, ಸ್ಟಿಲ್ ಫೋಟೋ. 'ತಾಯಿನಾಡು', 'ವಿಶ್ವಕರ್ನಾಟಕ' ಪತ್ರಿಕೆಗಳ 1934ರ ಸಂಪುಟಗಳಲ್ಲಿ ಜಾಹೀರಾತು ಇದ್ದೇ ಇರಬೇಕು, ಒಬ್ಬರನ್ನು ಗ್ರಂಥಾಲಯಗಳಲ್ಲಿ ಆರು ತಿಂಗಳು ಕೂರಿಸಿ. ಮದರಾಸು, ಬೊಂಬಾಯಿ ಸೆನ್ಸಾರಿನ ಹಳೆಯ ಪಟ್ಟಿಗಳನ್ನು ತೆಗೆಸಿ. ಕೊಲ್ಲಾಪುರಕ್ಕೆ ಯಾರನ್ನಾದರೂ ಕಳಿಸಿ, ಸ್ಟುಡಿಯೋದ ಲೆಕ್ಕದ ಪುಸ್ತಕದಲ್ಲಿ ಕನ್ನಡದವರು ಎಷ್ಟು ದಿನ ಇದ್ದರು, ಎಷ್ಟು ಊಟ ತಿಂದರು ಅನ್ನುವುದಾದರೂ ಸಿಕ್ಕೀತು. ಲಕ್ಷ್ಮಿಯವರನ್ನು ಕೂರಿಸಿಕೊಂಡು ತಂದೆಯ ಬಗ್ಗೆ ಮಾತಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ. ಸನ್ಮಾನ ಮಾಡಿ ಶಾಲು ಹೊದಿಸಿ ಕಳಿಸಬೇಡಿ, ಎರಡು ದಿನ ಕೂರಿಸಿಕೊಳ್ಳಿ. ಹಳೆಯ ಮನೆಗಳಲ್ಲಿ ಏನಾದರೂ ಇದ್ದರೆ ತಂದುಕೊಡಿ ಅಂತ ಆಕಾಶವಾಣಿಯಲ್ಲಿ ಒಂದು ಪ್ರಕಟಣೆ ಕೊಡಿ. ಹಳ್ಳಿಯವರು ಈಗಲೂ ಅದನ್ನು ಕೇಳುತ್ತಾರೆ.

ಇದಕ್ಕೆ ಕೋಟಿ ಬೇಡ. ಸ್ಕ್ಯಾನರು ಬೇಕು, ಓಡಾಡುವವರಿಗೆ ಬಸ್ ಚಾರ್ಜು ಬೇಕು, ತೆಲುಗು ತಮಿಳು ಮರಾಠಿ ಓದಬಲ್ಲ ಇಬ್ಬರು ಮೂವರು ಬೇಕು.

ಕೊನೆಗೆ, ಆಪರೇಟರ್ ಆಗಿ ಒಂದು ಮಾತು. ಹುಡುಕುತ್ತಾ ಹೋದಾಗ ಯಾವುದಾದರೂ ಅಟ್ಟದ ಮೇಲೆ ತುಕ್ಕು ಹಿಡಿದ ಡಬ್ಬ ಸಿಕ್ಕೀತು. ಸಿಕ್ಕ ಖುಷಿಯಲ್ಲಿ ಬಿಸಿಲಿಗೆ ತಂದು ತೆರೆಯಬೇಡಿ. ಹತ್ತಿರ ಬೀಡಿ ಸೇದುವವರನ್ನು ಬಿಡಬೇಡಿ. ಪ್ರೊಜೆಕ್ಟರಿಗಂತೂ ಹಾಕಲೇಬೇಡಿ, ಮೊದಲ ಅಡಿಯಲ್ಲೇ ಹರಿದು ಹೋಗುತ್ತದೆ, ಇಲ್ಲ ಉರಿದು ಹೋಗುತ್ತದೆ. ಗಾಳಿಯಾಡುವ ತಣ್ಣನೆ ಜಾಗದಲ್ಲಿಟ್ಟು ಗೊತ್ತಿದ್ದವರನ್ನು ಕರೆಸಿ. ನನ್ನ ಹತ್ತಿರ ಕೈಯಲ್ಲಿ ತಿರುಗಿಸುವ ರಿವೈಂಡರ್ ಒಂದಿದೆ, ಅಕಾಡೆಮಿಗೆ ಬೇಕಾದರೆ ನಾನೇ ಬಸ್ಸಿನಲ್ಲಿ ಹಾಕಿಕೊಂಡು ತಂದುಕೊಡುತ್ತೇನೆ. ಮತ್ತೆ ಡಬ್ಬದ ಮುಚ್ಚಳದ ಮೇಲಿನ ಕಾಗದ ಉಳಿದಿದ್ದರೆ ನಿಧಾನವಾಗಿ ಓದಿ. ತೆಲುಗಿನಲ್ಲಿದೆ, ತಮಿಳಿನಲ್ಲಿದೆ ಅಂತ ದಯವಿಟ್ಟು ಪಕ್ಕಕ್ಕೆ ಇಡಬೇಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೊಜೆಕ್ಟರ್ ಆಪರೇಟರ್,
ಗುಬ್ಬಿ ತಾಲ್ಲೂಕಿನ ಪಕ್ಕದವನು